‘ಹದಿನೇಳರ ಮಗ್ಗಿ ಹೇಳು’ ಎನ್ನುವ ಮುನ್ನ: ಶಾಲಾ ಶಿಕ್ಷಣ ಇಲಾಖೆಗೊಂದು ಬಹಿರಂಗ ಪತ್ರ

ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಇಲಾಖೆಯ ಅಧಿಕಾರಿಗಳಿಗೆ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ), ಬಿಆರ್‌ಪಿ, ಸಿಆರ್‌ಪಿಗಳಿಗೆ (ಬ್ಲಾಕ್ ಮತ್ತು ಕ್ಲಸ್ಟರ್ ಮಟ್ಟದ ಸಂಪನ್ಮೂಲ ವ್ಯಕ್ತಿಗಳಿಗೆ), ಹಾಗೆಯೇ ಮನೆಯಲ್ಲಿ ಮಕ್ಕಳಿಗೆ ಮಗ್ಗಿ ಹೇಳಿಸುವ ಎಲ್ಲ ಅಪ್ಪ ಅಮ್ಮಂದಿರಿಗೆ,

ಮಾನ್ಯರೇ,

ಶಾಲೆಗೆ ಭೇಟಿ ಕೊಟ್ಟವರು ನಾಲ್ಕನೇ ಅಥವಾ ಐದನೇ ತರಗತಿಗೆ ಕಾಲಿಟ್ಟರೆ ಸಾಮಾನ್ಯವಾಗಿ ಬರುವ ಪ್ರಶ್ನೆ ಒಂದಿದೆ. ‘ಹದಿನೇಳರ ಮಗ್ಗಿ ಯಾರಿಗೆ ಬರುತ್ತೆ? ಎದ್ದು ನಿಂತು ಹೇಳಿ ನೋಡೋಣ.’ ಮೂರ್ನಾಲ್ಕು ಕೈ ಮೇಲೇಳುತ್ತವೆ. ಒಬ್ಬಳು ಎದ್ದು ‘ಹದಿನೇಳೊಂದ್ಲೆ ಹದಿನೇಳು’ ಎಂದು ಶುರು ಮಾಡಿ ಉಸಿರು ಬಿಡದೆ ನೂರಾ ಎಪ್ಪತ್ತಕ್ಕೆ ಬಂದು ನಿಲ್ಲುತ್ತಾಳೆ. ಚಪ್ಪಾಳೆ ಬೀಳುತ್ತದೆ, ವಹಿಯಲ್ಲಿ ಒಳ್ಳೆಯ ಷರಾ ಬೀಳುತ್ತದೆ. ಅದೇ ಮಗುವನ್ನು ಮರುಕ್ಷಣವೇ ‘ಹದಿನೇಳೆಂಟ್ಲೆ ಎಷ್ಟಮ್ಮಾ?’ ಎಂದು ಕೇಳಿ ನೋಡಿ. ತುಟಿ ಸಣ್ಣಗೆ ಅಲುಗುತ್ತದೆ, ಬೆನ್ನ ಹಿಂದೆ ಬೆರಳುಗಳು ಒಂದೊಂದಾಗಿ ಮಡಚಿಕೊಳ್ಳುತ್ತವೆ. ಅವಳು ಮತ್ತೆ ಹದಿನೇಳೊಂದ್ಲೆಯಿಂದ ಹೊರಟಿದ್ದಾಳೆ.

ಮಗುವಿನ ತಪ್ಪೇನಿಲ್ಲ. ನೀವು ಹಾಡು ಕೇಳಿದಿರಿ, ಅವಳು ಹಾಡಿದಳು. ಮೇಲಿನಿಂದ ಬಂದವರು ಏನು ಕೇಳುತ್ತಾರೋ ತರಗತಿಯಲ್ಲಿ ಅದೇ ತಯಾರಾಗುತ್ತದೆ. ಹಾಗಾಗಿ ನಮ್ಮ ಮನವಿ ಒಂದೇ. ಹತ್ತರ ಆಚೆಗಿನ ಮಗ್ಗಿಗಳನ್ನು ಉರು ಹೊಡೆಸುವ ಬದಲು ಅವನ್ನು ಮಕ್ಕಳ ಕೈಯಲ್ಲೇ ಕಟ್ಟಿಸುವಂತೆ ಶಾಲೆಗಳಿಗೆ ಹೇಳಿ. ನಿಮ್ಮ ಪ್ರಶ್ನೆಯನ್ನೂ ಅದಕ್ಕೆ ತಕ್ಕಂತೆ ತಿದ್ದಿಕೊಳ್ಳಿ. ಕಟ್ಟಿಸುವುದೆಂದರೆ ಏನು, ಎಷ್ಟು ದಿನದ ಕೆಲಸ, ಎಲ್ಲೆಲ್ಲಿ ಕೈ ಕೊಡುತ್ತದೆ ಎನ್ನುವುದನ್ನು ಕೆಳಗೆ ಬಿಡಿಸಿ ಬರೆದಿದ್ದೇವೆ.

ಮೊದಲಿಗೇ ಒಂದು ಮಾತು. ನಾವು ಬಾಯಿಪಾಠದ ವೈರಿಗಳಲ್ಲ. ಹತ್ತರವರೆಗಿನ ಮಗ್ಗಿ ಬಾಯಲ್ಲೇ ಇರಬೇಕು, ಯೋಚಿಸದೆ ಬರಬೇಕು. ಏಳೆಂಟ್ಲೆ ಐವತ್ತಾರು ಎನ್ನಲು ಐದು ಸೆಕೆಂಡು ಹಿಡಿಯುವ ಮಗುವಿಗೆ ಹದಿನೇಳೆಂಟ್ಲೆ ಕಲಿಸುವುದು ಅಡಿಪಾಯವಿಲ್ಲದ ಮನೆಗೆ ತಾರಸಿ ಹಾಕಿದಂತೆ. ಅದಕ್ಕೇ ದೊಡ್ಡ ಮಗ್ಗಿ ಶುರು ಮಾಡುವ ಮುನ್ನ ಹತ್ತು ಪ್ರಶ್ನೆಗಳ ಪರೀಕ್ಷೆ ಸಾಕು: 6×6, 6×7, 6×8, 6×9, 7×7, 7×8, 7×9, 8×8, 8×9, 9×9. ಇವನ್ನು ಕಲಸಿ ಕೇಳಿ, ಒಂದಕ್ಕೆ ಮೂರು ಸೆಕೆಂಡು ಕೊಡಿ. ಒಂಬತ್ತು ಸರಿ ಬಂದರೆ ಮುಂದೆ ಹೋಗಿ. ಬರದಿದ್ದರೆ ಅಲ್ಲೇ ಎರಡು ವಾರ ನಿಲ್ಲಿ. ‘ಐದನೇ ಕ್ಲಾಸಿಗೆ ಬಂದು ಇನ್ನೂ ಏಳರ ಮಗ್ಗಿಯೇ’ ಎಂದು ಶಿಕ್ಷಕರೂ ಪೋಷಕರೂ ಮುಜುಗರ ಪಟ್ಟುಕೊಳ್ಳುವುದುಂಟು. ಆ ಮುಜುಗರಕ್ಕೆ ಹೆದರಿ ಮುಂದೆ ಓಡಿದರೆ ಆರನೇ ತರಗತಿಯ ಭಾಗಾಕಾರದಲ್ಲಿ ಬಡ್ಡಿ ಸಮೇತ ತೀರಿಸಬೇಕಾಗುತ್ತದೆ.

ಇನ್ನು ದೊಡ್ಡ ಮಗ್ಗಿ. ಹನ್ನೊಂದರಿಂದ ಇಪ್ಪತ್ತರವರೆಗೆ ಹತ್ತು ಮಗ್ಗಿ, ಒಂದೊಂದರಲ್ಲಿ ಹತ್ತು ಸಾಲು, ಒಟ್ಟು ನೂರು. ನೂರು ಹೊಸ ಸಂಗತಿ ಎಂದರೆ ದೊಡ್ಡವರಿಗೂ ಎದೆ ಝಲ್ಲೆನ್ನುತ್ತದೆ. ಆದರೆ ಒಂದೊಂದಾಗಿ ಅಳಿಸುತ್ತಾ ಬನ್ನಿ. ಒಂದಲೆ ಮತ್ತು ಹತ್ತಲೆ ಸಾಲುಗಳನ್ನು ಯಾರೂ ಕಲಿಯಬೇಕಿಲ್ಲ. 20 ಹೋದವು, 80 ಉಳಿದವು. ಹನ್ನೊಂದರ ಮಗ್ಗಿ 22, 33, 44 ಎಂದು ತಾನಾಗಿ ಬರುತ್ತದೆ, ಇಪ್ಪತ್ತರದು ಎರಡರ ಮಗ್ಗಿಗೆ ಸೊನ್ನೆ ಸೇರಿಸಿದ್ದು, 64 ಉಳಿದವು. ಎರಡಲೆ ಎಂದರೆ ದುಪ್ಪಟ್ಟು, 56 ಉಳಿದವು. ಐದಲೆ ಎಂದರೆ ಹತ್ತಲೆಯ ಅರ್ಧ, 170ರ ಅರ್ಧ 85 ಇದ್ದಂತೆ; 48 ಉಳಿದವು. ಒಂಬತ್ತಲೆ ಎಂದರೆ ಹತ್ತಲೆಯಲ್ಲಿ ಒಂದು ಸಲದ್ದು ಕಡಿಮೆ, 40. ನಾಲ್ಕಲೆ ದುಪ್ಪಟ್ಟಿನ ದುಪ್ಪಟ್ಟು, 32. ಹನ್ನೆರಡರ ಮಗ್ಗಿ ಡಜನ್ ಲೆಕ್ಕದಲ್ಲೂ ತಿಂಗಳ ಲೆಕ್ಕದಲ್ಲೂ ಬಳಕೆಯಲ್ಲಿದೆ, ಹದಿನೈದರದು ಗಡಿಯಾರದ ಕಾಲು ಗಂಟೆಯಲ್ಲಿದೆ. ಅವೆರಡನ್ನೂ ತೆಗೆದರೆ 24. ಹದಿನೆಂಟು, ಹತ್ತೊಂಬತ್ತು ಇಪ್ಪತ್ತಕ್ಕೆ ಎರಡು ಕಡಿಮೆ, ಒಂದು ಕಡಿಮೆ, 16 ಉಳಿದವು. ಹದಿನಾಲ್ಕು ಏಳರ ಮಗ್ಗಿಯ ದುಪ್ಪಟ್ಟು, ಹದಿನಾರು ಎಂಟರ ಮಗ್ಗಿಯ ದುಪ್ಪಟ್ಟು. ಉಳಿದದ್ದು ಎಂಟೇ ಎಂಟು.

ಆ ಎಂಟು ಇವು: 13×3=39, 13×6=78, 13×7=91, 13×8=104; 17×3=51, 17×6=102, 17×7=119, 17×8=136.

ಒಂದು ಅಂಚೆಕಾರ್ಡಿನಲ್ಲಿ ಹಿಡಿಯುವಷ್ಟು. ನೂರರ ಕೋಷ್ಟಕವನ್ನು ಬೋರ್ಡಿನ ಮೇಲೆ ಬರೆದು, ಪ್ರತಿ ಹಂತದಲ್ಲಿ ಮಕ್ಕಳ ಕೈಯಲ್ಲೇ ಡಸ್ಟರ್ ಕೊಟ್ಟು ಅಳಿಸಿಸಿ. ಒಂದು ಪೀರಿಯಡ್ ಪೂರ್ತಿ ಇದಕ್ಕೇ ಹೋಗಲಿ. ಬಹುಶಃ ವರ್ಷದ ಗಣಿತ ಪಾಠದಲ್ಲಿ ಇಷ್ಟು ಲಾಭದ ಪೀರಿಯಡ್ ಇನ್ನೊಂದು ಸಿಗಲಾರದು, ಏಕೆಂದರೆ ಅಳಿಸುವ ಪ್ರತಿ ಸಲವೂ ‘ಇದು ಯಾಕೆ ಬೇಡ?’ ಎಂಬ ಪ್ರಶ್ನೆಗೆ ಮಗು ಉತ್ತರ ಹೇಳಲೇಬೇಕು. ಆ ಉತ್ತರವೇ ಪಾಠ.

ಎಂಟನ್ನೂ ಬಾಯಿಪಾಠ ಮಾಡಿಸಬಹುದು, ನಾವು ಬೇಡವೆನ್ನುವುದಿಲ್ಲ. ಆದರೆ ಅದಕ್ಕಿಂತ ಮೊದಲು ಒಂದನ್ನಾದರೂ ಕೈಯಲ್ಲಿ ಮುಟ್ಟಿ ನೋಡಲಿ. ಹದಿನೇಳಾರ್ಲೆ ತೆಗೆದುಕೊಳ್ಳಿ. ತೆಂಗಿನ ಗರಿಯ ಪೊರಕೆ ಕಡ್ಡಿಯನ್ನು ಗೇಣುದ್ದಕ್ಕೆ ತುಂಡು ಮಾಡಿ. ನಾಲ್ಕು ಮಕ್ಕಳ ಗುಂಪಿಗೆ 200 ಕಡ್ಡಿ, 20 ರಬ್ಬರ್ ಬ್ಯಾಂಡ್ ಇದ್ದರೆ ಇಪ್ಪತ್ಹತ್ತಲೆಯವರೆಗಿನ ಯಾವ ಲೆಕ್ಕವನ್ನೂ ಮಾಡಬಹುದು. ಹದಿನೇಳು ಎಂದರೆ ಹತ್ತರ ಒಂದು ಕಟ್ಟು, ಏಳು ಬಿಡಿ. ಅಂಥ ಆರು ಸಾಲನ್ನು ಒಂದರ ಕೆಳಗೊಂದು ಇಡಿಸಿ. ಎಡಗಡೆ ಆರು ಕಟ್ಟು, ಅಂದರೆ ಅರವತ್ತು. ಬಲಗಡೆ ಆರು ಸಾಲು ಏಳು ಬಿಡಿ, ಅಂದರೆ ನಲವತ್ತೆರಡು. ಈಗ ಬಿಡಿಗಳನ್ನು ಹತ್ತು ಹತ್ತಾಗಿ ಕಟ್ಟಲು ಹೇಳಿ. ನಾಲ್ಕು ಕಟ್ಟಾಗಿ ಎರಡು ಕಡ್ಡಿ ಮಿಗುತ್ತವೆ. ಆರು ಕಟ್ಟಿಗೆ ನಾಲ್ಕು ಕಟ್ಟು ಸೇರಿ ಹತ್ತು ಕಟ್ಟಾಯಿತು. ಹತ್ತು ಕಟ್ಟನ್ನು ಒಟ್ಟು ಮಾಡಿ ದೊಡ್ಡ ರಬ್ಬರ್ ಬ್ಯಾಂಡ್ ಹಾಕಿದರೆ ಒಂದು ನೂರು. ನೆಲದ ಮೇಲೆ ಒಂದು ದಪ್ಪ ಕಟ್ಟು, ಪಕ್ಕದಲ್ಲಿ ಎರಡು ಒಂಟಿ ಕಡ್ಡಿ. ನೂರಾ ಎರಡು ಬರೆಯುವಾಗ ನಡುವೆ ಸೊನ್ನೆ ಯಾಕೆ ಎಂದು ಆಮೇಲೆ ಯಾರೂ ವಿವರಿಸಬೇಕಾಗಿಲ್ಲ.

ಕೈಯಲ್ಲಿ ಮುಟ್ಟಿ ಕಲಿಯುವ ಸಾಮಗ್ರಿ ಕೊಡುವ ‘ಗಣಿತ ಕಲಿಕಾ ಆಂದೋಲನ’ ಕಾರ್ಯಕ್ರಮದ ಕಿಟ್ ಇರುವ ಶಾಲೆಗಳಲ್ಲಿ ಹತ್ತರ ಪಟ್ಟಿ, ಬಿಡಿ ಘನಗಳು ಇರುತ್ತವೆ. ಅವು ಬೀರುವಿನಿಂದ ಹೊರಬಂದರೆ ಕಡ್ಡಿ ಕತ್ತರಿಸುವ ಕೆಲಸವೂ ಉಳಿಯುತ್ತದೆ.

ಕಡ್ಡಿಯ ಮರುದಿನ ಚೌಕದ ನೋಟ್‌ಬುಕ್ಕು. ಅಡ್ಡಕ್ಕೆ 17 ಚೌಕ, ಉದ್ದಕ್ಕೆ 6 ಚೌಕದ ಆಯತ ಬರೆಸಿ, ಹತ್ತನೇ ಚೌಕದ ನಂತರ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆಸಿ. ಎಡ ಕೋಣೆಯಲ್ಲಿ 60, ಬಲ ಕೋಣೆಯಲ್ಲಿ 42. ಮಗುವಿಗೆ ಇಲ್ಲಿ ಹೊಳೆಯಬೇಕಾದದ್ದು ಇಷ್ಟೇ: ಬಲ ಕೋಣೆಯಲ್ಲಿ ಇರುವುದು ತನಗೆ ಈಗಾಗಲೇ ಬರುವ ಆರರ ಮಗ್ಗಿ. ಆರ್ಹತ್ಲೆ ಅರವತ್ತಕ್ಕೆ ಆ ಮಗ್ಗಿ ಮುಗಿದುಹೋಗುತ್ತದೆ ಎಂದು ಅದು ನಂಬಿಕೊಂಡಿತ್ತು. ಮುಗಿಯುವುದಿಲ್ಲ, ಅರವತ್ತು ಹೊತ್ತುಕೊಂಡು ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಚಿತ್ರವನ್ನು ಎರಡು ಮೂರು ದಿನ ಬರೆಸಿದರೆ ಸಾಕು. ನಾಲ್ಕನೇ ದಿನ ಚೌಕ ಎಣಿಸದೆ ಬರೀ ಎರಡು ಕೋಣೆಯ ಕಚ್ಚಾ ಚಿತ್ರ. ವಾರದ ಕೊನೆಗೆ ಚಿತ್ರವೂ ಬೇಡ, ಬಾಯಲ್ಲೇ ‘ಅರವತ್ತು, ನಲವತ್ತೆರಡು, ನೂರಾ ಎರಡು’.

ಹಳೆಯ ಮಗ್ಗಿಯ ಲಯವನ್ನು ಬಿಡಬೇಕಿಲ್ಲ. ‘ಹದಿನೇಳಾರ್ಲೆ’ ಎಂದು ಒಬ್ಬರು, ‘ಅರವತ್ತು ನಲವತ್ತೆರಡು’ ಎಂದು ಇನ್ನೊಂದು ಸಾಲಿನವರು, ‘ನೂರಾ ಎರಡು’ ಎಂದು ಎಲ್ಲರೂ. ಮೂರು ತಾಳ. ‘ಲೆ’ ಎನ್ನುತ್ತೀರೋ ‘ಲ’ ಎನ್ನುತ್ತೀರೋ ‘ಲಿ’ ಎನ್ನುತ್ತೀರೋ ಅದು ಊರಿನ ವಾಡಿಕೆ, ಬದಲಿಸಬೇಡಿ.

ಇಲ್ಲಿ ಕನ್ನಡಕ್ಕೊಂದು ಅನುಕೂಲವಿದೆ, ಅದನ್ನು ನಾವು ಬಳಸಿಕೊಳ್ಳುವುದೇ ಇಲ್ಲ. ಹದಿನೇಳು ಎಂಬ ಹೆಸರಿನೊಳಗೇ ಹತ್ತು ಮತ್ತು ಏಳು ಕೂತಿವೆ. ಹತ್ತೊಂಬತ್ತರಲ್ಲಿ ಹತ್ತು, ಒಂಬತ್ತು. ಐವತ್ತಮೂರರಲ್ಲಿ ಐವತ್ತು, ಮೂರು. ಹಿಂದಿ, ಉರ್ದು, ಮರಾಠಿಯಲ್ಲಿ ಹೀಗಲ್ಲ. ನೂರರವರೆಗಿನ ಬಹುತೇಕ ಹೆಸರುಗಳನ್ನು ಒಂದೊಂದಾಗಿ ಕಲಿಯಬೇಕು. ಬೀದರ್, ಕಲಬುರಗಿಯ ಉರ್ದು ಶಾಲೆಗಳಲ್ಲಿ, ಬೆಳಗಾವಿಯ ಮರಾಠಿ ಶಾಲೆಗಳಲ್ಲಿ ಕಡ್ಡಿ ಕಟ್ಟಿನ ಕೆಲಸಕ್ಕೆ ಇನ್ನೂ ಹೆಚ್ಚು ದಿನ ಬೇಕಾಗುವುದು ಇದೇ ಕಾರಣಕ್ಕೆ. ಒಂದು ವಿಷಯದಲ್ಲಿ ಮಾತ್ರ ಆ ಮಕ್ಕಳದೇ ಮೇಲುಗೈ: ಉರ್ದುವಿನ ಉನ್ನೀಸ್, ಮರಾಠಿಯ ಏಕೋಣೀಸ್ ಎರಡಕ್ಕೂ ‘ಇಪ್ಪತ್ತಕ್ಕೆ ಒಂದು ಕಡಿಮೆ’ ಎಂದೇ ಮೂಲಾರ್ಥ. ಹತ್ತೊಂಬತ್ತರ ಮಗ್ಗಿಯ ಗುಟ್ಟು ಹೆಸರಲ್ಲೇ ಇದೆ.

ಇಂಗ್ಲಿಷ್ ಮಾಧ್ಯಮದ ಮಕ್ಕಳ ಕಷ್ಟ ಬೇರೆ. ಥರ್ಟೀನ್, ಥರ್ಟಿ, ಫಿಫ್ಟೀನ್, ಫಿಫ್ಟಿ. ಕೊನೆಯ ‘ನ್’ ನುಂಗಿದರೆ ಹದಿನೈದು ಐವತ್ತಾಗುತ್ತದೆ. ಶಾಲೆಯಲ್ಲಿ ಇಂಗ್ಲಿಷಿನಲ್ಲಿ ಹೇಳಿದ ಮಗ್ಗಿಯನ್ನು ಮನೆಯಲ್ಲಿ ಅಜ್ಜಿ ಕನ್ನಡದಲ್ಲಿ ಕೇಳಿದಾಗ ಮಗು ತಬ್ಬಿಬ್ಬಾಗುವುದು ಲೆಕ್ಕ ಬಾರದ್ದಕ್ಕಲ್ಲ, ಅನುವಾದಕ್ಕೆ ಹಿಡಿಯುವ ಸಮಯಕ್ಕೆ. ಹತ್ತರವರೆಗಿನದು ಯಾವ ಭಾಷೆಯಲ್ಲಿ ಬಾಯಿಗೆ ಬಂದಿದೆಯೋ ಮುಂದಿನದೂ ಅದೇ ಭಾಷೆಯಲ್ಲಿರಲಿ. ಬೇಕಿದ್ದರೆ ಉತ್ತರವನ್ನು ಅಂಕಿಯಲ್ಲಿ ಬರೆಸಿಕೊಳ್ಳಿ. 102ಕ್ಕೆ ಮಾಧ್ಯಮದ ಜಗಳವಿಲ್ಲ.

ಕನ್ನಡದಲ್ಲೂ ಕಿವಿ ಮೋಸ ಮಾಡುವ ಜಾಗಗಳಿವೆ. ಇಪ್ಪತ್ತು, ಎಪ್ಪತ್ತು, ಎಂಬತ್ತು, ತೊಂಬತ್ತು. ಹತ್ತೊಂಬತ್ನಾಲ್ಕ್ಲೆ ಎಪ್ಪತ್ತಾರು ಎನ್ನುವಾಗ ಹಿಂದಿನ ಬೆಂಚಿನ ಹುಡುಗ ‘ಇಪ್ಪತ್ತಾರು’ ಎಂದರೆ ನಲವತ್ತು ದನಿಗಳ ನಡುವೆ ಯಾರಿಗೂ ಕೇಳಿಸದು. ಹದಿಮೂರೇಳ್ಲೆ ತೊಂಬತ್ತೊಂದು ಕೆಲವರ ಬಾಯಲ್ಲಿ ಎಂಬತ್ತೊಂದಾಗಿರುತ್ತದೆ, ವರ್ಷಗಟ್ಟಲೆ ಹಾಗೆಯೇ ಉಳಿದಿರುತ್ತದೆ. ಸಾಮೂಹಿಕ ಮಗ್ಗಿಯ ದೊಡ್ಡ ದೋಷ ಇದು: ಐದಾರು ಮಕ್ಕಳು ಗಟ್ಟಿಯಾಗಿ ಹೇಳುತ್ತಾರೆ, ಉಳಿದವರು ಬಾಯಿ ಆಡಿಸುತ್ತಾರೆ. ಬೇಕಿದ್ದರೆ ಗಮನವಿಟ್ಟು ಕೇಳಿ, ಹದಿನೇಳರಲ್ಲಿ ಎಂಬತ್ತೈದರವರೆಗೆ ಛಾವಣಿ ಹಾರುವಂಥ ಸದ್ದು, ಅಲ್ಲಿಂದ ಮುಂದೆ ತಟಕ್ಕನೆ ಇಳಿಯುತ್ತದೆ. ಪರಿಹಾರ ಹಳೆಯದು, ಅಗ್ಗದ್ದು: ಸ್ಲೇಟು. ಪ್ರಶ್ನೆ ಕೇಳಿ, ಐದು ಎಣಿಸಿ, ‘ಎತ್ತಿ’ ಎನ್ನಿ. ನಲವತ್ತು ಉತ್ತರ ಒಂದೇ ನೋಟಕ್ಕೆ ಸಿಗುತ್ತವೆ.

ಎಂಬತ್ತೈದರ ನಂತರವೇ ಸದ್ದು ಇಳಿಯಲು ಕಾರಣವೂ ಇದೆ. ಅಲ್ಲಿ ನೂರನ್ನು ದಾಟಬೇಕು. ಪ್ರತಿ ಮಗ್ಗಿಗೂ ಇಂಥ ಒಂದು ಹೊಳೆ ದಾಟುವ ಜಾಗವಿದೆ: ಹನ್ನೆರಡರಲ್ಲಿ 96ರಿಂದ 108ಕ್ಕೆ, ಹದಿಮೂರರಲ್ಲಿ 91ರಿಂದ 104ಕ್ಕೆ, ಹದಿನಾಲ್ಕರಲ್ಲಿ 98ರಿಂದ 112ಕ್ಕೆ, ಹದಿನಾರರಲ್ಲಿ 96ರಿಂದ 112ಕ್ಕೆ, ಹದಿನೆಂಟರಲ್ಲಿ 90ರಿಂದ 108ಕ್ಕೆ, ಹತ್ತೊಂಬತ್ತರಲ್ಲಿ 95ರಿಂದ 114ಕ್ಕೆ. ಮಗು ತೊದಲುವುದು ಹೆಚ್ಚಾಗಿ ಇಲ್ಲೇ. ಅದಕ್ಕೆ ಬೇಕಾದದ್ದು ಮಗ್ಗಿಯ ಅಭ್ಯಾಸವಲ್ಲ, ದಶಕ ಸಹಿತ ಸಂಕಲನದ (ಹತ್ತಾದದ್ದನ್ನು ಎಡದ ಸ್ಥಾನಕ್ಕೆ ಒಯ್ದು ಕೂಡುವ) ಬಾಯಿಲೆಕ್ಕ. 60+42, 80+24, 70+49, 80+56 ಇಂಥವನ್ನು ದಿನಕ್ಕೆ ಹತ್ತರಂತೆ ಒಂದು ವಾರ ಕೇಳಿದರೆ ಹದಿನೇಳರ ಅರ್ಧ ಕಷ್ಟ ಕರಗುತ್ತದೆ.

ಬರೆಯುವಾಗ ಬರುವ ತಪ್ಪುಗಳು ಬೇರೆ. 17×6ಕ್ಕೆ 642 ಎಂದು ಬರೆದ ಮಗು ಕಂಡರೆ ಗದರಬೇಡಿ. ಅದಕ್ಕೆ ಮಗ್ಗಿ ಬರುತ್ತದೆ, 42ರ ನಾಲ್ಕು ದಶಕವನ್ನು ಎಡಕ್ಕೆ ಸೇರಿಸುವುದು ಬಂದಿಲ್ಲ. ಕಡ್ಡಿಗೆ ವಾಪಸ್ ಕಳಿಸಿ. 17×9ಕ್ಕೆ 161 ಎಂದರೆ 170ರಿಂದ ಹದಿನೇಳರ ಬದಲು ಒಂಬತ್ತು ಕಳೆದಿದೆ. 18×7ಕ್ಕೆ 138 ಎಂದರೆ 140ರಿಂದ ಹದಿನಾಲ್ಕರ ಬದಲು ಎರಡೇ ಕಳೆದಿದೆ. ಎರಡೂ ಒಂದೇ ಜಾತಿಯ ತಪ್ಪು, ಮತ್ತು ತಪ್ಪು ಹುಟ್ಟುವುದು ನಮ್ಮ ಮಾತಿನಿಂದಲೇ. ‘ಇಪ್ಪತ್ತರಿಂದ ಎರಡು ಕಳೆ’ ಎಂದು ಹೇಳಿಕೊಟ್ಟರೆ ಮಗು ಎರಡೇ ಕಳೆಯುತ್ತದೆ. ‘ಏಳು ಸಲ ಇಪ್ಪತ್ತು ಕೊಟ್ಟೆ, ಪ್ರತಿ ಸಲವೂ ಎರಡು ಜಾಸ್ತಿ ಕೊಟ್ಟೆ, ಒಟ್ಟು ಎಷ್ಟು ವಾಪಸ್ ಬರಬೇಕು?’ ಎಂದು ಕೇಳಿ. ಅಂಗಡಿ ಲೆಕ್ಕವಾದ ತಕ್ಷಣ ಹದಿನಾಲ್ಕು ಎನ್ನುತ್ತದೆ. ಮಕ್ಕಳೇ ಅಂಗಡಿ ಹಾಕುವ ಶಾಲೆಯ ಮೆಟ್ರಿಕ್ ಮೇಳದಲ್ಲಿ ಹದಿನೈದು ರೂಪಾಯಿಯ ಸೊಪ್ಪಿನ ಕಟ್ಟು ಮೂರಕ್ಕೆ ನಲವತ್ತೈದು ಎಂದು ಥಟ್ಟನೆ ಹೇಳುವ ಮಗುವೇ ಬೋರ್ಡಿನ ಮುಂದೆ 15×3ಕ್ಕೆ ತಡವರಿಸುವುದನ್ನು ನೋಡಿದವರಿಗೆ ಇದು ಹೊಸದಲ್ಲ.

ಈಗ ಮನೆಗೆಲಸದ ವಿಷಯ. ‘ಹನ್ನೊಂದರಿಂದ ಇಪ್ಪತ್ತರ ಮಗ್ಗಿ ಹತ್ತು ಸಲ ಬರೆದುಕೊಂಡು ಬಾ’ ಎಂಬ ರಜೆಯ ಹೋಂವರ್ಕ್ ಇನ್ನೂ ಚಾಲ್ತಿಯಲ್ಲಿದೆ. ಮಗು ಅದನ್ನು ಬರೆಯುವುದನ್ನು ಪಕ್ಕದಲ್ಲಿ ಕೂತು ನೋಡಿ. ಮೊದಲು ಪುಟದುದ್ದಕ್ಕೂ ಮೇಲಿನಿಂದ ಕೆಳಗೆ 17, 17, 17. ಆಮೇಲೆ ಹತ್ತು ಗುಣಾಕಾರ ಚಿಹ್ನೆ. ಆಮೇಲೆ 1ರಿಂದ 10. ಆಮೇಲೆ ಹತ್ತು ಸಮ ಚಿಹ್ನೆ. ಕೊನೆಯ ಕಂಬವನ್ನು ಮಗ್ಗಿ ಪುಸ್ತಕ ನೋಡಿ ಇಳಿಸುವುದು. ಇಷ್ಟರಲ್ಲಿ ಗುಣಾಕಾರ ನಡೆದದ್ದು ಸೊನ್ನೆ ಸಲ. ಹತ್ತೊಂಬತ್ತರದ್ದು ಇನ್ನೂ ಸುಲಭ: ಬಿಡಿ ಸ್ಥಾನದಲ್ಲಿ 9, 8, 7 ಎಂದು ಇಳಿಸು, ಎಡಗಡೆ 1, 3, 5, 7 ಎಂದು ಏರಿಸು, ಮಗ್ಗಿ ತಯಾರು. ನೋಡಲು ಚೆಂದ, ಮಕ್ಕಳಿಗೂ ಖುಷಿ. ಆದರೆ ಹತ್ತೊಂಬತ್ತೇಳ್ಲೆ ಎಷ್ಟು ಎಂದು ಒಂಟಿಯಾಗಿ ಕೇಳಿದರೆ ಆ ಏಣಿ ಇರುವುದಿಲ್ಲ. 140ರಿಂದ 7 ಕಳೆದು 133 ಎನ್ನುವವನಿಗೆ ಏಣಿ ಬೇಕಾಗುವುದೂ ಇಲ್ಲ.

ಬರೆಸಲೇಬೇಕೆಂದಿದ್ದರೆ ಹೀಗೆ ಬರೆಸಿ. ಹತ್ತು ಮನೆಯ ಖಾಲಿ ಪಟ್ಟಿ ಕೊಟ್ಟು, ತುಂಬುವ ಕ್ರಮ ಬದಲಿಸಿ. ಮೊದಲು ಒಂದಲೆ 17, ಹತ್ತಲೆ 170. ಹತ್ತಲೆಯ ಅರ್ಧ ಐದಲೆ 85. ಒಂದಲೆಯ ದುಪ್ಪಟ್ಟು ಎರಡಲೆ 34, ಅದರ ದುಪ್ಪಟ್ಟು ನಾಲ್ಕಲೆ 68, ಅದರ ದುಪ್ಪಟ್ಟು ಎಂಟಲೆ 136. ಎರಡಲೆಗೆ ಒಂದಲೆ ಸೇರಿಸಿ ಮೂರಲೆ 51, ಅದರ ದುಪ್ಪಟ್ಟು ಆರಲೆ 102. ಹತ್ತಲೆಯಿಂದ ಒಂದಲೆ ಕಳೆದು ಒಂಬತ್ತಲೆ 153. ಏಳಲೆ ಕೊನೆಗೆ, ಮತ್ತು ಅದನ್ನು ಎರಡು ದಾರಿಯಲ್ಲಿ ತರಬೇಕು: ಐದಲೆಗೆ ಎರಡಲೆ ಸೇರಿಸಿ 85+34, ಎಂಟಲೆಯಿಂದ ಒಂದಲೆ ಕಳೆದು 136−17. ಎರಡೂ 119. ಹೊಂದಿಕೆಯಾಗದಿದ್ದರೆ ಎಲ್ಲೋ ಎಡವಿದೆ ಎಂದು ಮಗುವಿಗೇ ಗೊತ್ತಾಗುತ್ತದೆ, ಶಿಕ್ಷಕರು ತಿದ್ದುವವರೆಗೆ ಕಾಯಬೇಕಿಲ್ಲ. ಮೇಲಿನಿಂದ ಕೆಳಕ್ಕೆ ಕೂಡಿಸುತ್ತಾ ಹೋಗುವ ಹಾದಿಯಲ್ಲಿ ನಾಲ್ಕನೇ ಸಾಲಿನಲ್ಲಿ 68ರ ಬದಲು 67 ಆದರೆ ಮುಂದಿನ ಆರೂ ಸಾಲು ತಪ್ಪು. ಈ ಹಾದಿಯಲ್ಲಿ ಎಂಟಲೆಯೊಂದೇ ಕೆಡುತ್ತದೆ, ಅದೂ ಏಳಲೆಯಲ್ಲಿ ಸಿಕ್ಕಿಬೀಳುತ್ತದೆ. ಇನ್ನೊಂದು ಸಣ್ಣ ಕಾವಲು: ಹದಿನೇಳರ ಬಿಡಿ ಅಂಕಿಗಳು ಏಳರ ಮಗ್ಗಿಯ ಬಿಡಿ ಅಂಕಿಗಳೇ, 7, 4, 1, 8, 5, 2, 9, 6, 3, 0. ಹದಿನೆಂಟರಲ್ಲಿ ಹತ್ತಲೆಯವರೆಗೆ ಅಂಕಿಗಳನ್ನು ಕೂಡಿದರೆ ಯಾವಾಗಲೂ ಒಂಬತ್ತು.

ಹೀಗೆ ಒಡೆದು ಗುಣಿಸುವುದು ಹೊಸಗಾಲದ ಫ್ಯಾಷನ್ ಎಂದು ಹಿರಿಯರು ಗೊಣಗಬಹುದು. 1150ರಲ್ಲಿ ಭಾಸ್ಕರಾಚಾರ್ಯರು ಲೀಲಾವತಿಯಲ್ಲಿ 135ನ್ನು 12ರಿಂದ ಗುಣಿಸುವ ಲೆಕ್ಕ ಕೊಟ್ಟು, ಹನ್ನೆರಡನ್ನು 8 ಮತ್ತು 4 ಎಂದು ಒಡೆಯಬಹುದು, ಮೂರು ನಾಲ್ಕ್ಲೆ ಎಂದು ತೆಗೆದುಕೊಂಡು ಎರಡು ಸಲ ಗುಣಿಸಬಹುದು ಎಂದೆಲ್ಲ ತೋರಿಸಿದ್ದಾರೆ. 1080ಕ್ಕೆ 540 ಸೇರಿ 1620. ನಮ್ಮ ಮಕ್ಕಳು ಮಾಡಬೇಕಿರುವುದೂ ಅದನ್ನೇ, ಸಣ್ಣ ಸಂಖ್ಯೆಯಲ್ಲಿ.

ಎಲ್ಲಿಯವರೆಗೆ ಕಲಿಸಬೇಕು ಎಂಬ ಪ್ರಶ್ನೆ ಆಗಾಗ ಬರುತ್ತದೆ. ಇಂಗ್ಲೆಂಡಿನಲ್ಲಿ 2022ರಿಂದ ಎಂಟೊಂಬತ್ತು ವರ್ಷದ ಮಕ್ಕಳಿಗೆ ಕಡ್ಡಾಯ ಮಗ್ಗಿ ಪರೀಕ್ಷೆ ಇದೆ: 25 ಪ್ರಶ್ನೆ, ಒಂದಕ್ಕೆ 6 ಸೆಕೆಂಡು, ಹನ್ನೆರಡ್ಹನ್ನೆರಡ್ಲೆಯವರೆಗೆ ಮಾತ್ರ. ಅಲ್ಲಿನವರಿಗೆ ಹನ್ನೆರಡರ ಮೇಲೆ ಯಾಕೆ ಮಮತೆ ಎಂದರೆ ಅಡಿಗೆ 12 ಇಂಚು, 1971ರವರೆಗೆ ಶಿಲ್ಲಿಂಗಿಗೆ 12 ಪೆನ್ನಿ. ನಮ್ಮಲ್ಲಿ ಹದಿನಾರರ ಮಗ್ಗಿ ಅಂಗಡಿಯವನ ಬಾಯಲ್ಲಿ ಇದ್ದದ್ದು 1957ರ ಏಪ್ರಿಲ್ 1ರವರೆಗೆ ರೂಪಾಯಿಗೆ 16 ಆಣೆ ಇದ್ದದ್ದಕ್ಕೆ. ‘ಹದಿನಾರಾಣೆ ಸತ್ಯ’ ಎನ್ನುವ ಮಾತು ಮಾತ್ರ ಉಳಿದಿದೆ. ಮಗ್ಗಿಯ ಉದ್ದವನ್ನು ನಿರ್ಧರಿಸಿದ್ದು ಸಂತೆ. ಇವತ್ತಿನ ಸಂತೆಗೆ ಬೇಕಾದದ್ದು 12, 15, ಜಿಎಸ್‌ಟಿಯ 18, ದಿನದ 24 ಗಂಟೆ, ಕಾಲು ನೂರರ 25, ನಿಮಿಷದ 60, ಎಕರೆಗೆ 40 ಗುಂಟೆ. ಇಪ್ಪತ್ತೈದರ ಮಗ್ಗಿಯನ್ನು ಖಂಡಿತ ಕಲಿಸಿ. 21ರಿಂದ 30ರವರೆಗಿನ ಉಳಿದವನ್ನು ಬಾಯಿಪಾಠ ಮಾಡಿಸುವುದು ವ್ಯರ್ಥ ಎನ್ನುವುದು ನಮ್ಮ ಅಭಿಪ್ರಾಯ. ಎರಡು ಕೋಣೆಯ ಚಿತ್ರ ಗೊತ್ತಿದ್ದವನಿಗೆ ವಾರದ ಗಂಟೆ 24×7 ಎಂದರೆ 140+28, 168. ಗುಂಟೆಯ ಅಳತೆ 33 ಅಡಿ ಚೌಕ: 33×30 ಎಂದರೆ 990, 33×3 ಎಂದರೆ 99, ಒಟ್ಟು 1,089 ಚದರಡಿ. ಇದಕ್ಕೆ ಮೂವತ್ತಮೂರರ ಮಗ್ಗಿ ಯಾರಿಗೆ ಬೇಕು?

11ರಿಂದ 19ರೊಳಗಿನ ಎರಡು ಸಂಖ್ಯೆಗಳನ್ನು ಗುಣಿಸುವ ಒಂದು ಕೈಚಳಕ ‘ವೇದಗಣಿತ’ ಎಂಬ ಹೆಸರಿನಲ್ಲಿ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತದೆ. 17×16ಕ್ಕೆ 17ಕ್ಕೆ 6 ಸೇರಿಸಿ 23, ಮುಂದೆ ಸೊನ್ನೆ ಹಾಕಿ 230, ಏಳಾರ್ಲೆ 42 ಸೇರಿಸಿ 272. ಸರಿಯಾದ ಉತ್ತರವೇ. ಯಾಕೆ ಸರಿ ಎಂದರೆ ಹದಿನೇಳ್ಹತ್ಲೆ 170, ಹತ್ತಾರ್ಲೆ 60, ಏಳಾರ್ಲೆ 42, ಅದೇ ಕೋಣೆಗಳು. ಕೋಣೆ ತೋರಿಸಿ ಆಮೇಲೆ ಕೈಚಳಕ ಕಲಿಸಿದರೆ ಅಡ್ಡಿಯಿಲ್ಲ. ಬರೀ ಕೈಚಳಕ ಕಲಿತ ಮಗು 27×16ಕ್ಕೂ 27+6 ಮಾಡಿ 330+42 ಎನ್ನುತ್ತದೆ, ಸರಿಯುತ್ತರ 432.

ಅಭ್ಯಾಸದ ವಿಷಯಕ್ಕೆ ಬಂದರೆ, ದಿನಕ್ಕೆ ಹತ್ತು ನಿಮಿಷ, ವಾರಕ್ಕೆ ಐದು ದಿನ. ಕ್ರಮ 11, 20, 15, 12, 19, 18, 14, 16, 13, 17 ಇರಲಿ. 13ನ್ನು 12ರ ಬೆನ್ನಿಗೇ ತರುವ ಮಗ್ಗಿ ಪುಸ್ತಕದ ಕ್ರಮ ಕಲಿಯುವವರ ಕ್ರಮವಲ್ಲ. ಮೊದಲ ನಾಲ್ಕಕ್ಕೆ ಎರಡು ವಾರ, ಉಳಿದ ಒಂದೊಂದಕ್ಕೆ ಒಂದು ವಾರ, ಒಟ್ಟು ಎಂಟು ವಾರ. ಹಳೆಯ ಕ್ಯಾಲೆಂಡರಿನ ಹಾಳೆ ಕತ್ತರಿಸಿ ಚೀಟಿ ಮಾಡಿ: ಮುಂದೆ 17×6, ಹಿಂದೆ ಬರೀ 102 ಅಲ್ಲ, 60+42=102. ದಿನಕ್ಕೆ ಹೊಸ ಚೀಟಿ ಎರಡಕ್ಕಿಂತ ಹೆಚ್ಚು ಬೇಡ. ಮೂರು ಬೆಂಕಿಪೊಟ್ಟಣ ಇಟ್ಟುಕೊಂಡು, ತಪ್ಪಿದ್ದು ದಿನವೂ ನೋಡುವ ಪೊಟ್ಟಣಕ್ಕೆ, ಸರಿ ಬಂದದ್ದು ಮೂರು ದಿನಕ್ಕೊಮ್ಮೆಯ ಪೊಟ್ಟಣಕ್ಕೆ, ಅಲ್ಲೂ ಎರಡು ಸಲ ಸರಿ ಬಂದರೆ ವಾರಕ್ಕೊಮ್ಮೆಯ ಪೊಟ್ಟಣಕ್ಕೆ. ದೊಡ್ಡ ಮಗ್ಗಿಗೆ ಆರೆಂಟು ಸೆಕೆಂಡು ಹಿಡಿದರೆ ಹಿಡಿಯಲಿ, ಮಗು ಲೆಕ್ಕ ಮಾಡುತ್ತಿದೆ. ಅಂಕಿಗಳೇ ಕಷ್ಟವಾಗುವ ಮಕ್ಕಳೂ ಇರುತ್ತಾರೆ. ಅವರಿಗೆ 60 ಮತ್ತು 42ನ್ನು ಬದಿಯಲ್ಲಿ ಬರೆದುಕೊಳ್ಳಲು ಬಿಡಿ, ಹತ್ತರವರೆಗಿನ ಕೋಷ್ಟಕವನ್ನು ಮೇಜಿನ ಮೇಲೆ ಇಡಲು ಬಿಡಿ.

ಬೆಂಚಿನ ಮೇಲೆ ನಿಲ್ಲಿಸುವುದು, ಬರದವರ ಕಿವಿಯನ್ನು ಬರುವವರಿಂದ ಹಿಂಡಿಸುವುದು ಇವೆಲ್ಲ ಕಾನೂನುಬಾಹಿರ ಎಂದು ನಿಮಗೆ ನಾವು ಹೇಳಬೇಕಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆಯನ್ನು ನಿಷೇಧಿಸುವ ಸೆಕ್ಷನ್ನಿನ ಸಂಖ್ಯೆ, ಕಾಕತಾಳೀಯವಾಗಿ, ಹದಿನೇಳು.

ದೊಡ್ಡ ಮಗ್ಗಿ ನಿಜವಾಗಿ ಕೆಲಸಕ್ಕೆ ಬರುವುದು ಭಾಗಾಕಾರದಲ್ಲಿ. 986ನ್ನು 17ರಿಂದ ಭಾಗಿಸಲು ಮಕ್ಕಳು ಪುಟದ ಅಂಚಿನಲ್ಲಿ ಹದಿನೇಳರ ಇಡೀ ಮಗ್ಗಿ ಬರೆದುಕೊಳ್ಳುತ್ತಾರೆ, ಅರ್ಧ ಸಮಯ ಅಲ್ಲೇ ಹೋಗುತ್ತದೆ. ನಾಲ್ಕೇ ಸಂಖ್ಯೆ ಬರೆದುಕೊಳ್ಳಲಿ: ಒಂದಲೆ 17, ಎರಡಲೆ 34, ಐದಲೆ 85, ಹತ್ತಲೆ 170. ಐದಲೆ 85 ಎಂದರೆ ಐವತ್ತಲೆ 850. 986ರಿಂದ ಕಳೆದರೆ 136. ಐದಲೆ 85 ತೆಗೆದರೆ 51, ಎರಡಲೆ 34 ತೆಗೆದರೆ 17, ಒಂದಲೆ ತೆಗೆದರೆ ಸೊನ್ನೆ. ಐವತ್ತು, ಐದು, ಎರಡು, ಒಂದು, ಭಾಗಲಬ್ಧ 58.

ಇಲಾಖೆಯಿಂದ ನಾವು ಕೇಳುವುದಕ್ಕೆ ಹಣ ಬೇಕಿಲ್ಲ. ಅಭ್ಯಾಸ ಪುಸ್ತಕದಲ್ಲಿ ಮುದ್ರಿತ ಮಗ್ಗಿಯ ಜಾಗದಲ್ಲಿ ಹತ್ತು ಮನೆಯ ಖಾಲಿ ಪಟ್ಟಿ ಇರಲಿ. ಹತ್ತು ಸಲ ಬರೆಸುವ ಹೋಂವರ್ಕ್ ಬೇಡವೆಂದು ಒಂದು ಸುತ್ತೋಲೆ ಬರಲಿ. ಸಿಆರ್‌ಪಿಗಳ ಒಂದು ಸಮಾಲೋಚನಾ ಸಭೆಯಲ್ಲಿ ನೂರರ ಕೋಷ್ಟಕವನ್ನು ಎಂಟಕ್ಕೆ ಇಳಿಸುವ ಪಾಠವನ್ನು ಶಿಕ್ಷಕರ ಕೈಯಿಂದಲೇ ಮಾಡಿಸಿ, ಡಸ್ಟರ್ ಅವರ ಕೈಯಲ್ಲೂ ಇರಲಿ. ಮತ್ತು ಮುಂದಿನ ಸಲ ತರಗತಿಗೆ ಹೋದಾಗ ‘ಹದಿನೇಳೇಳ್ಲೆ ಎಷ್ಟು?’ ಎಂದು ಕೇಳಿ. ನೂರಾ ಹತ್ತೊಂಬತ್ತು ಎಂಬ ಉತ್ತರ ಬಂದ ಮೇಲೆ ‘ಹೇಗೆ ಬಂತು?’ ಎಂದು ಕೇಳಿ, ಎಪ್ಪತ್ತಕ್ಕೆ ನಲವತ್ತೊಂಬತ್ತು ಸೇರಿಸಿದೆ ಎನ್ನುವವನೂ ಎಂಬತ್ತೈದಕ್ಕೆ ಮೂವತ್ತನಾಲ್ಕು ಸೇರಿಸಿದೆ ಎನ್ನುವವಳೂ ಒಂದೇ ಬೆಂಚಿನಲ್ಲಿ ಸಿಕ್ಕರೆ ಅದನ್ನು ವಹಿಯಲ್ಲಿ ಬರೆಯಿರಿ.

ಇಂತಿ ತಮ್ಮ ವಿಶ್ವಾಸಿಗಳು,
ಪ್ರಾಥಮಿಕ ತರಗತಿಗಳಿಗೆ ಗಣಿತ ಕಲಿಸುವ ಕೆಲವು ಶಿಕ್ಷಕರು